ಅಂಡಕವಚದ ಪ್ರತಿಕಾಯ ಅಳೆಯುವಾಗ ಎದುರಾದ ತೊಡಕು: ನನ್ನ ಅನುಭವ

ಹಂದಿಯ ಅಂಡಾಣುವನ್ನು ಸುತ್ತುವರಿದ ಝೋನಾ ಪೆಲ್ಯುಸಿಡಾ ಎಂಬ ಕವಚದ ಝಡ್‌ಪಿ3 ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಮೊಲಗಳಿಗೆ ಲಸಿಕೆಯಾಗಿ ಚುಚ್ಚಿದ್ದೆವು. ಅವುಗಳ ರಕ್ತಸಾರದಲ್ಲಿ ಹುಟ್ಟಿದ ಪ್ರತಿಕಾಯವನ್ನು ಎಲೈಸಾ ವಿಧಾನದಲ್ಲಿ (ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಿಗೆ, ಅಂದರೆ ಬಾವಿಗಳಿಗೆ, ಪ್ರೋಟೀನು ಲೇಪಿಸಿ, ಅದಕ್ಕೆ ಅಂಟಿದ ಪ್ರತಿಕಾಯವನ್ನು ಬಣ್ಣದ ಗಾಢತೆಯಿಂದ ತಿಳಿಯುವ ವಿಧಾನ) ಅಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಆಮ್ಲ ಹಾಕಿ ಕ್ರಿಯೆ ನಿಲ್ಲಿಸಿದೊಡನೆ ಬಾವಿಗಳು ಗಾಢ ಹಳದಿಗೆ ತಿರುಗಿದವು. ಆದರೆ ಲಸಿಕೆಗೆ ಮುಂಚೆಯೇ ತೆಗೆದಿಟ್ಟಿದ್ದ ರಕ್ತಸಾರವೂ 1:100 ದುರ್ಬಲನದಲ್ಲಿ (ನೂರು ಪಟ್ಟು ತೆಳುಗೊಳಿಸಿದಾಗಲೂ) ಹೆಚ್ಚುಕಡಿಮೆ ಅಷ್ಟೇ ಹಳದಿಯಾಗಿತ್ತು. ಇದು ನನ್ನನ್ನು ನಿಜಕ್ಕೂ ಕಂಗೆಡಿಸಿತು.

ಪ್ರತಿಕಾಯ ಬೇಕಾಬಿಟ್ಟಿ ಅಂಟದಂತೆ ಬಾವಿಯ ಖಾಲಿ ಜಾಗ ಮುಚ್ಚುವ ತಡೆದ್ರಾವಣವನ್ನು ಬದಲಿಸಿದೆ, ತೊಳೆಯುವ ಸಲಗಳನ್ನು ಹೆಚ್ಚಿಸಿದೆ, ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಪ್ರೋಟೀನನ್ನೇ ಲೇಪಿಸದ ಬಾವಿಗಳು ಮಾತ್ರ ತಿಳಿಯಾಗಿದ್ದವು, ಅಂದರೆ ತಪ್ಪು ಪ್ಲಾಸ್ಟಿಕ್ಕಿನದಲ್ಲ. ಆಗ ಝಡ್‌ಪಿ3 ಜೀನ್ ಇಲ್ಲದ ಬರೀ ಇ. ಕೋಲೈಯ ಸಾರವನ್ನು ಲೇಪಿಸಿ ನೋಡಿದೆ: ಅದೇ ಹಳದಿ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳನ್ನು ಹೊತ್ತ ಪ್ರಾಣಿಯಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಮೊದಲೇ ಇರುವುದು ಸಹಜ. ನಮ್ಮ ಶುದ್ಧೀಕರಣದಲ್ಲಿ ಉಳಿದುಹೋದ ಅತಿಥೇಯ (ಅಂದರೆ ಇ. ಕೋಲೈಯದೇ ಆದ) ಪ್ರೋಟೀನುಗಳಿಗೆ ಅದೇ ಅಂಟುತ್ತಿತ್ತು.

ಪರಿಹಾರವಾಗಿ, ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕಾಯ ಅದಕ್ಕೇ ಅಂಟಿಕೊಳ್ಳಲೆಂದು ದುರ್ಬಲಗೊಳಿಸಿದ ರಕ್ತಸಾರಕ್ಕೆ ಆ ಇ. ಕೋಲೈ ಸಾರವನ್ನು ಬೆರೆಸಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿ ಗಷ್ಟನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನಷ್ಟೇ ಬಳಸಿದೆ. ಲಸಿಕೆಪೂರ್ವದ ಹಳದಿ ಬಹುತೇಕ ಮಾಯವಾಯಿತು, ಲಸಿಕೆಯ ನಂತರದ್ದು ಉಳಿಯಿತು.

ಇಷ್ಟಕ್ಕೇ ತೃಪ್ತಿಪಡಲು ಮನಸ್ಸಾಗಲಿಲ್ಲ. ಇ. ಕೋಲೈ ಈ ಪ್ರೋಟೀನಿಗೆ ಹಂದಿಯ ಜೀವಕೋಶದಂತೆ ಸಕ್ಕರೆಯ ಸರಪಳಿ ಜೋಡಿಸುವುದಿಲ್ಲವಾದ್ದರಿಂದ, ಪ್ರತಿಕಾಯ ನಿಜವಾದ ಕವಚವನ್ನು ಗುರುತಿಸುತ್ತದೆಯೇ ಎಂಬ ಪ್ರಶ್ನೆ ಉಳಿದಿತ್ತು. ಕಸಾಯಿಖಾನೆಯಿಂದ ತಂದ ಹಂದಿಯ ಅಂಡಾಶಯಗಳಿಂದ ಅಂಡಾಣುಗಳನ್ನು ಬೇರ್ಪಡಿಸಿ, ಅದೇ ರಕ್ತಸಾರವನ್ನೂ ಮೊಲದ ಪ್ರತಿಕಾಯಕ್ಕೆ ಅಂಟಿ ಹೊಳೆಯುವ ಪ್ರತಿದೀಪಕ ಪ್ರತಿಕಾಯವನ್ನೂ ಹಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಪ್ರತಿ ಅಂಡಾಣುವಿನ ಸುತ್ತ ಹಸಿರು ಉಂಗುರವೊಂದು ಸ್ಪಷ್ಟವಾಗಿ ಬೆಳಗಿತು.