ಕ್ಯಾಂಪರ್ ವ್ಯಾನಿನ ಎರಡನೇ ಚಾವಿ: ಎಲ್ಲಿಡಬೇಕು, ಹೇಗಿಡಬೇಕು

ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕೆ ಇಳಿಯುವವರು ಬಟ್ಟೆ ಗಂಟನ್ನು ದಂಡೆಯ ಮೇಲಿಟ್ಟು ಹೋಗುತ್ತಾರೆ. ಗಾಡಿಯ ಚಾವಿ ಆ ಗಂಟಿನಲ್ಲೇ ಇರುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು. ಚಾವಿ ಜೇಬಿನಲ್ಲಿದ್ದರೆ ನೆನೆಯುತ್ತದೆ, ಹೊರಗಿಟ್ಟು ಹೋಗೋಣವೆಂದರೆ ಯಾರ ಕೈಗೆ ಕೊಡುವುದು ಎಂಬ ಚಿಂತೆ. ಕಾರಿನ ಚಾವಿ ಕಳೆದರೆ ಬಸ್ಸು ಹತ್ತಿ ಊರಿಗೆ ಬರಬಹುದು. ಮಲಗಿ ಉಣ್ಣುವ ವ್ಯಾನಿನ ಚಾವಿ ಕಳೆದರೆ ಹಾಸಿಗೆ, ಗ್ಯಾಸು, ದಿನಸಿ, ಹಿರಿಯರ ಬಿಪಿ ಮಾತ್ರೆ ಎಲ್ಲವೂ ಒಳಗೆ, ನೀವು ಮಾತ್ರ ಹೊರಗೆ.

ಒಂದು ಮಾತು ಮೊದಲೇ ಹೇಳಬೇಕು. ನಮ್ಮ ಕಲಬುರಗಿ, ಬೀದರ್ ಕಡೆ ಕೀಲಿ ಎಂದರೆ ಬೀಗ, ಮೈಸೂರು ಕಡೆಯವರಿಗೆ ಅದೇ ಚಾವಿ. ಗೊಂದಲ ಬೇಡವೆಂದು ಇಲ್ಲಿ ಬೀಗ, ಚಾವಿ ಎಂಬ ಎರಡೇ ಪದ ಬಳಸಿದ್ದೇವೆ.

ಮೊದಲು ಚಾವಿಗಳನ್ನು ಎಣಿಸಿ

ಎರಡನೇ ಚಾವಿ ಅಂದ ಕೂಡಲೇ ಎಲ್ಲರಿಗೂ ಎಂಜಿನ್ ಚಾವಿ ನೆನಪಾಗುತ್ತದೆ. ವ್ಯಾನಿನಲ್ಲಿ ಅಷ್ಟೇ ಇರುವುದಿಲ್ಲ: ಹಿಂಬದಿಯ ವಾಸದ ಬಾಗಿಲು, ಡೀಸೆಲ್ ಮುಚ್ಚಳ, ನೀರು ತುಂಬುವ ಮುಚ್ಚಳ, ಗ್ಯಾಸ್ ಸಿಲಿಂಡರಿನ ಗೂಡು, ಬ್ಯಾಟರಿ ಗೂಡು, ಪಕ್ಕದ ಸಾಮಾನಿನ ಗೂಡುಗಳು, ಸ್ಟೀರಿಂಗ್ ಬೀಗ. ಎಲ್ಲವನ್ನೂ ಚಾಪೆಯ ಮೇಲೆ ಹರವಿ, ಒಂದೊಂದನ್ನೂ ಅದರ ಬೀಗಕ್ಕೆ ಹಾಕಿ ತಿರುಗಿಸಿ ನೋಡಿ. ಯಾವ ಬೀಗಕ್ಕೂ ಹೊಂದದ ಒಂದೆರಡು ಚಾವಿ ಸಿಕ್ಕೇ ಸಿಗುತ್ತವೆ.

ಗೂಡುಗಳ ಸಣ್ಣ ಬೀಗಗಳ ಮುಖದ ಮೇಲೆ, ಚಾವಿಯ ಮೇಲೆ ಒಂದು ಸಂಖ್ಯೆ ಒತ್ತಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಚಾವಿ ಕಳೆದರೂ ಅದೇ ಸಂಖ್ಯೆಯದನ್ನು ತರಿಸಬಹುದು. ಇನ್ನೂ ಒಳ್ಳೆಯದೆಂದರೆ ನಾಲ್ಕೈದು ಗೂಡುಗಳಿಗೆ ಒಂದೇ ಚಾವಿಯ ಬೀಗಗಳ ಸೆಟ್ ಹಾಕಿಸುವುದು. ಗೊಂಚಲು ಅರ್ಧಕ್ಕೆ ಇಳಿಯುತ್ತದೆ.

ಎಂಜಿನ್ ಚಾವಿಯ ಜೊತೆ ಕಂಪನಿಯಿಂದ ಒಂದು ಪುಟ್ಟ ಲೋಹದ ಅಥವಾ ಪ್ಲಾಸ್ಟಿಕ್ ಬಿಲ್ಲೆ ಬಂದಿದ್ದರೆ ಅದರ ಮೇಲಿನ ಸಂಖ್ಯೆ ಚಾವಿಯಷ್ಟೇ ಬೆಲೆಯದು. ಅದನ್ನು ಗೊಂಚಲಿಗೆ ಸಿಕ್ಕಿಸಬೇಡಿ, ಮನೆಯ ಕಪಾಟಿನಲ್ಲಿಡಿ. ಚಾವಿಯ ಫೋಟೋ ಸ್ಟೇಟಸ್ಸಿಗೆ ಹಾಕುವುದೂ ಬೇಡ. ಹಲ್ಲು ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಇದ್ದರೆ ನಕಲು ಕಡಿಯಲು ಸಾಕು.

ನಕಲು ಮಾಡಿಸುವಾಗ ಯಾವಾಗಲೂ ಮೂಲ ಚಾವಿಯನ್ನೇ ಕೊಡಿ. ನಕಲಿನಿಂದ ನಕಲು ಮಾಡಿದರೆ ಹಲ್ಲಿನ ತಪ್ಪು ಸೇರುತ್ತಾ ಹೋಗಿ ಮೂರನೆಯದು ಬೀಗದಲ್ಲಿ ಹಿಡಿದುಕೊಳ್ಳುತ್ತದೆ. ಹತ್ತು ವರ್ಷ ತಿರುಗಿ ಸವೆದ ಚಾವಿ ಮೂಲದ್ದಾದರೂ ಅದರ ನಕಲು ಚೆನ್ನಾಗಿ ಬರುವುದಿಲ್ಲ, ಆಗ ಬಿಲ್ಲೆಯ ಸಂಖ್ಯೆಯಿಂದ ಕಡಿಸಬೇಕು. ಕಡಿದ ಅಂಚಿನ ಮೇಲೆ ಬೆರಳಾಡಿಸಿ. ಚುಚ್ಚುವ ಚೂರು ಉಳಿದಿದ್ದರೆ ಅಲ್ಲೇ ಅರ ತಿಕ್ಕಿಸಿ, ಇಲ್ಲದಿದ್ದರೆ ಅದು ಬೀಗದ ಒಳಗಿನ ಪಿನ್ನುಗಳನ್ನು ತಿನ್ನುತ್ತದೆ.

ಚಿಪ್ ಇರುವ ಚಾವಿ, ಇಲ್ಲದ ಚಾವಿ

ಎಲ್ಲ ಲೆಕ್ಕವೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಈಗಿನ ಬಹುತೇಕ ಗಾಡಿಗಳ ಚಾವಿಯ ತಲೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತ ಇರುವ ತಂತಿಸುರುಳಿ ಅದನ್ನು ಓದುತ್ತದೆ, ಹೊಂದಿದರೆ ಮಾತ್ರ ಎಂಜಿನ್ ನಡೆಯುತ್ತದೆ. ಪೇಟೆಯಲ್ಲಿ ಕಡಿಸಿದ ಚಿಪ್ಪಿಲ್ಲದ ನಕಲು ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹೊತ್ತುವುದಿಲ್ಲ, ಹೊತ್ತಿದರೂ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ.

ಬಹಳ ಜನ ಇದನ್ನು ಕೊರತೆ ಎಂದುಕೊಳ್ಳುತ್ತಾರೆ. ನಮ್ಮ ಕೆಲಸಕ್ಕೆ ಇದೇ ವರ. ಗಾಡಿಯ ಹೊರಗೆ ಬಚ್ಚಿಡಬೇಕಾದದ್ದು ಈ ಚಿಪ್ಪಿಲ್ಲದ ಚಾವಿಯನ್ನೇ. ಕಳ್ಳನಿಗೆ ಸಿಕ್ಕರೂ ಬಾಗಿಲು ತೆಗೆದಾನು, ಗಾಡಿ ಒಯ್ಯಲಾರ. ಚಿಪ್ ಇರುವ ಎರಡನೇ ಚಾವಿ ಒಳಗಿನ ಬೀಗದ ಪೆಟ್ಟಿಗೆಯಲ್ಲಿರಲಿ. ಮೂರನೆಯದಿದ್ದರೆ ಅದು ಊರಿನಲ್ಲಿ, ಫೋನ್ ಮಾಡಿದರೆ ತಂದುಕೊಡುವವರ ಮನೆಯಲ್ಲಿರಲಿ. ಕಲಬುರಗಿಯಿಂದ ಬೀದರಿಗೆ ಸುಮಾರು 110 ಕಿಲೋಮೀಟರ್, ಬಸ್ಸಿದೆ, ರೈಲೂ ಇದೆ. ಅರ್ಧ ದಿನದಲ್ಲಿ ಚಾವಿ ಕೈಗೆ ಬರುತ್ತದೆ. ಮನೆಗೆ ಬೀಗ ಹಾಕಿ ಇಡೀ ಕುಟುಂಬ ವ್ಯಾನಿನಲ್ಲಿ ಹೊರಟಾಗ ಮೂರನೇ ಚಾವಿಯನ್ನು ಅದೇ ಮನೆಯಲ್ಲಿಟ್ಟು ಬಂದರೆ ಇಟ್ಟೂ ಇಡದಂತೆ. ತಮ್ಮನ ಮನೆಗೋ ಪಕ್ಕದ ಮನೆ ಕಾಕಾನ ಕೈಗೋ ಕೊಟ್ಟು ಹೊರಡಿ.

ಗಾಡಿ ಹಳೆಯದಾಗಿದ್ದು ಚಿಪ್ಪೇ ಇಲ್ಲದಿದ್ದರೆ ಈ ಉಪಾಯ ನಡೆಯದು. ಅಂಥ ಗಾಡಿಯ ಹೊರಗೆ ವಾಸದ ಬಾಗಿಲಿನ ಚಾವಿಯನ್ನು ಮಾತ್ರ ಇಡಿ, ಎಂಜಿನ್ನಿನದು ಬೇಡ.

ಹೊರಗಿನ ಚಾವಿ

ಅಯಸ್ಕಾಂತದ ಪುಟ್ಟ ಡಬ್ಬಿ ಕೊಂಡು ಬಂಪರಿನ ಒಳಗೆ ಅಂಟಿಸುವುದು ಸಾಮಾನ್ಯ. ಅದು ಕೈಕೊಡುವುದೂ ಅಷ್ಟೇ ಸಾಮಾನ್ಯ. ಅಲ್ಯುಮಿನಿಯಂ, ಫೈಬರ್ ಹಲಗೆಗೆ ಅದು ಅಂಟುವುದೇ ಇಲ್ಲ. ಕಬ್ಬಿಣಕ್ಕೆ ಅಂಟಿದರೂ ನಡುವೆ ಎರೆಮಣ್ಣಿನ ಪದರವೋ ತುಕ್ಕೋ ಇದ್ದರೆ ಹಿಡಿತ ಅರ್ಧವಾಗುತ್ತದೆ. ಹಳ್ಳಿಹಳ್ಳಿಗೂ ಇರುವ ಸ್ಪೀಡ್ ಬ್ರೇಕರ್ ದಾಟುವಾಗ ಡಬ್ಬಿ ಎಲ್ಲಿ ಉದುರಿತೋ ಗೊತ್ತೇ ಆಗುವುದಿಲ್ಲ. ಸೈಲೆನ್ಸರ್ ಹತ್ತಿರವಿದ್ದರೆ ಕಾವಿಗೆ ಅಯಸ್ಕಾಂತದ ಬಲವೇ ಕುಗ್ಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಅಯಸ್ಕಾಂತ ತಾಳುವುದು ಸುಮಾರು 80 ಡಿಗ್ರಿ. ಅಲ್ಲದೆ ಚಕ್ರದ ಮೇಲಿನ ಕಮಾನು, ಬಂಪರಿನ ಒಳಮೈ, ನಂಬರ್ ಪ್ಲೇಟಿನ ಹಿಂಭಾಗ ಇವು ಕಳ್ಳ ಮೊದಲು ಕೈ ಹಾಕುವ ಜಾಗಗಳು.

ಇದಕ್ಕಿಂತ ಅಗ್ಗದ, ಗಟ್ಟಿ ದಾರಿ ಇದೆ. ಹಳೆಯ ಸೈಕಲ್ ಟ್ಯೂಬನ್ನು ಒಂದು ಗೇಣು ಕತ್ತರಿಸಿ. ಚಾವಿಗೆ ತೆಳುವಾಗಿ ಗ್ರೀಸ್ ಸವರಿ, ಪ್ಲಾಸ್ಟಿಕ್ ಕಾಗದ ಸುತ್ತಿ ಟ್ಯೂಬಿನೊಳಗೆ ತಳ್ಳಿ. ಎರಡೂ ತುದಿ ಮಡಚಿ ಬೈಂಡಿಂಗ್ ವೈರಿನಿಂದ ಬಿಗಿಯಿರಿ. ಚಾಸಿಯ ಅಡ್ಡಪಟ್ಟಿ ಅಥವಾ ಸ್ಟೆಪ್ನಿ ಹೊರುವ ಚೌಕಟ್ಟಿನ ಒಳಬದಿಗೆ ಇದನ್ನು ಸ್ಟೀಲಿನ ಹೋಸ್ ಕ್ಲಿಪ್ಪಿನಿಂದ ಕಟ್ಟಿ. ಕ್ಲಿಪ್ ಕೈಯಿಂದಲೇ ತಿರುಗಿಸುವ ಚಿಟ್ಟೆಕಿವಿಯದ್ದಾಗಿರಲಿ, ಏಕೆಂದರೆ ಸ್ಕ್ರೂಡ್ರೈವರ್ ವ್ಯಾನಿನ ಒಳಗೇ ಇರುತ್ತದೆ! ಅದುರಿ ಸಡಿಲವಾಗದಂತೆ ಕಿವಿಗೊಂದು ಸುತ್ತು ತಂತಿ ಹಾಕಿ. ಸೈಲೆನ್ಸರಿನಿಂದ ಕನಿಷ್ಠ ಅರ್ಧ ಮೀಟರ್, ತಿರುಗುವ ಶಾಫ್ಟಿನಿಂದ, ಬ್ರೇಕ್ ಪೈಪಿನಿಂದ ದೂರವಿರಲಿ. ಪ್ಲಾಸ್ಟಿಕ್ ಕೇಬಲ್ ಟೈ ಬೇಡ, ನಮ್ಮ ಬಿಸಿಲಿಗೆ ಒಂದೆರಡು ಬೇಸಿಗೆಯಲ್ಲಿ ಪೆಡಸಾಗಿ ಮುರಿಯುತ್ತದೆ. ಗಾಡಿ ಜಾತ್ರೆ ಬಯಲಿನಲ್ಲಿ ನಿಂತಾಗ ನಾಲ್ಕು ಜನರೆದುರು ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳುವ ಚಟವೂ ಬೇಡ.

ಒಳಗಿನ ಪೆಟ್ಟಿಗೆ

ನಾಲ್ಕು ಅಂಕಿಯ ಗಾಲಿಗಳಿರುವ, ಗೋಡೆಗೆ ಬಿಗಿಯುವ ಚಾವಿ ಪೆಟ್ಟಿಗೆ ಸಾಕು. ಗ್ಲವ್ ಬಾಕ್ಸು, ಡ್ರೈವರ್ ಸೀಟಿನ ಕೆಳಗೆ, ಸನ್ ವೈಸರ್, ಇವು ಮೂರೂ ಬೇಡ. ಮಂಚದ ಪೆಟ್ಟಿಗೆಯೊಳಗೆ ಅಥವಾ ಬಟ್ಟೆಯ ಕಪಾಟಿನ ಬುಡದಲ್ಲಿ, ಬಾಗಿಲು ತೆಗೆದ ಕೂಡಲೇ ಕಾಣದಂತೆ ಕೂರಿಸಿ. ಗ್ಯಾಸ್ ಗೂಡಿನೊಳಗೆ ಎಂದೂ ಬೇಡ.

ಕೊರೆಯುವ ಮೊದಲು ಹಲಗೆಯ ಹಿಂದೆ ವೈರು, ನೀರಿನ ಪೈಪು, ಗ್ಯಾಸ್ ಪೈಪು ಇಲ್ಲವೆಂದು ಕಣ್ಣಾರೆ ನೋಡಿ. 12 ಮಿಲಿಮೀಟರ್ ಪ್ಲೈವುಡ್ಡಾದರೆ 6.5 ಮಿಮೀ ಬಿಟ್‌ನಿಂದ ನಾಲ್ಕು ತೂತು ಕೊರೆದು ಎಂ6 ಬೋಲ್ಟ್ ಹಾಕಿ, ಹಿಂದಿನಿಂದ ಅಗಲದ ವಾಷರ್, ನೈಲಾನ್ ಒಳಸುತ್ತಿನ ನಟ್ ಬಿಗಿಯಿರಿ. ಬರಿಯ ಮರದ ಸ್ಕ್ರೂ ಹಾಕಿದರೆ ಒಂದು ಸಲಾಕೆಯ ಮೀಟಿಗೆ ಪೆಟ್ಟಿಗೆ ಸಮೇತ ಕಿತ್ತು ಬರುತ್ತದೆ. ಒಳಗೆ ರಬ್ಬರ್ ಹಾಳೆಯ ತುಂಡು ಹಾಸಿ. ಹುಮನಾಬಾದ್ ದಾರಿಯುದ್ದಕ್ಕೂ ಚಾವಿ ಗಲಗಲ ಅಂದರೆ ಪೆಟ್ಟಿಗೆ ಎಲ್ಲಿದೆಯೆಂದು ಒಳಗೆ ಕೂತವರಿಗೆಲ್ಲ ಗೊತ್ತಾಗುತ್ತದೆ, ಚಿಪ್ಪಿಗೂ ಪೆಟ್ಟು.

ಸಂಖ್ಯೆ ಹೊಂದಿಸುವಾಗ ಮುಚ್ಚಳ ತೆರೆದಿರಲಿ. ಹಿಂಬದಿಯ ಕಡ್ಡಿ ಸರಿಸಿ ಹೊಸ ಸಂಖ್ಯೆ ಇಟ್ಟು, ಕಡ್ಡಿಯನ್ನು ಮೊದಲಿನ ಜಾಗಕ್ಕೆ ತನ್ನಿ. ಮುಚ್ಚಳ ಹಾಕದೆಯೇ ಮೂರು ಸಲ ಗಾಲಿ ಕಲಸಿ, ಮತ್ತೆ ಹೊಂದಿಸಿ, ಗುಂಡಿ ಒತ್ತಿ ನೋಡಿ. ನಾಲ್ಕು ಗಾಲಿಗೆ 10,000 ಸಂಖ್ಯೆಗಳ ಸಾಧ್ಯತೆ ಇದೆ. ಹಾಗಿದ್ದೂ ಜನ ಆರಿಸುವುದು ಕೆಎ 32, ಕೆಎ 33 ಅಥವಾ ಕೆಎ 38ರ ಪ್ಲೇಟಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದ ಅದೇ ನಾಲ್ಕು ಅಂಕಿಗಳನ್ನು! ಮುಚ್ಚಿದ ಮೇಲೆ ನಾಲ್ಕೂ ಗಾಲಿ ಕಲಸಿ. ಒಂದೇ ಗಾಲಿಯನ್ನು ಒಂದು ಮನೆ ಸರಿಸಿ ಬಿಡುವುದು ತೆರೆದಿಟ್ಟಂತೆಯೇ. ಸಂಖ್ಯೆ ಇಬ್ಬರಿಗೆ ಗೊತ್ತಿರಲಿ, ಮೂವರಿಗೆ ಬೇಡ.

ರಿಮೋಟ್ ಚಾವಿ, ಬಿಸಿಲು, ನೀರು

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಗಾಡಿಯಾದರೆ ಎರಡನೇ ಚಾವಿ ಒಳಗಿದ್ದಾಗ ಗಾಡಿ ತನ್ನ ಚಾವಿ ಒಳಗೇ ಇದೆ ಎಂದು ತಿಳಿಯುತ್ತದೆ. ಬಾಗಿಲು ಲಾಕ್ ಆಗದಿರಬಹುದು, ಲಾಕ್ ಆದರೂ ಒಳಹೊಕ್ಕವನು ಗುಂಡಿ ಒತ್ತಿದರೆ ಎಂಜಿನ್ ಹೊತ್ತಿಕೊಳ್ಳಬಹುದು. ಚಾವಿಯನ್ನು ಅಲ್ಯುಮಿನಿಯಂ ಫಾಯಿಲಿನಲ್ಲಿ ಎರಡು ಸುತ್ತು ಸುತ್ತಿ ಅಂಚು ಮಡಚಿ ಪೆಟ್ಟಿಗೆಯಲ್ಲಿಡಿ. ಸ್ಟೀಲ್ ಡಬ್ಬಿಯನ್ನು ನಂಬಿ ಕೂರಬೇಡಿ, ಮುಚ್ಚಳದ ಸಂದಿಯಿಂದ ಸಿಗ್ನಲ್ ಸೋರುತ್ತದೆ. ಪರೀಕ್ಷೆ ಸುಲಭ: ಮೊದಲ ಚಾವಿಯನ್ನು ಇಪ್ಪತ್ತು ಹೆಜ್ಜೆ ದೂರ ಕಳಿಸಿ, ಸುತ್ತಿದ ಚಾವಿ ಹಿಡಿದು ಬಾಗಿಲಿನ ಹಿಡಿಕೆ ಮುಟ್ಟಿ. ತೆರೆದರೆ ಸುತ್ತಿದ್ದು ಸಾಲದು.

ಇದಕ್ಕಿಂತ ಖಾತ್ರಿಯೆಂದರೆ ಸೆಲ್ ತೆಗೆದಿಡುವುದು. ಹೆಚ್ಚಿನವುಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032, ಎಂದರೆ 20 ಮಿಮೀ ಅಗಲ, 3.2 ಮಿಮೀ ದಪ್ಪದ ಬಿಲ್ಲೆ. ತೆಗೆದ ಸೆಲ್ಲಿನ ಎರಡೂ ಬದಿಗೆ ಟೇಪ್ ಅಂಟಿಸಿ ಚಾವಿಯ ಜೊತೆಗೇ ಇಡಿ. ಸೆಲ್ ಸತ್ತಿದ್ದರೂ ಅನೇಕ ಗಾಡಿಗಳಲ್ಲಿ ಚಾವಿಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಹೊತ್ತಿಸಬಹುದು. ನಿಮ್ಮ ಗಾಡಿಯಲ್ಲಿ ಎಲ್ಲಿ ಹಿಡಿಯಬೇಕೆಂಬುದು ಕೈಪಿಡಿಯಲ್ಲಿರುತ್ತದೆ, ಮನೆ ಮುಂದೆಯೇ ಒಮ್ಮೆ ಮಾಡಿ ನೋಡಿ. ಮಕ್ಕಳಿರುವ ವ್ಯಾನಿನಲ್ಲಿ ಬಿಡಿ ಸೆಲ್ ಹೊರಗೆ ಬಿದ್ದಿರಬಾರದು. ನುಂಗಿದರೆ ಒಳಗಿನ ಅನ್ನನಾಳವನ್ನೇ ಸುಡುತ್ತದೆ, ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಈ ಚಾವಿಯ ಹೊಟ್ಟೆಯೊಳಗೆ ಒಂದು ಲೋಹದ ಅಲಗು ಅಡಗಿರುತ್ತದೆ. ಅದರ ನಕಲೇ ಹೊರಗಿಡುವ ಚಿಪ್ಪಿಲ್ಲದ ಚಾವಿ. ಆದರೆ ರಿಮೋಟಿನಲ್ಲೇ ತೆರೆದು ರೂಢಿಯಾಗಿ ಬಾಗಿಲಿನ ಬೀಗದ ತೂತು ವರ್ಷಗಟ್ಟಲೆ ಚಾವಿ ಕಂಡಿರುವುದಿಲ್ಲ. ಶಹಾಬಾದ್ ಫರಸಿ ಖಣಿಗಳ ಧೂಳು, ಹೊಲದ ಮಣ್ಣು ಒಳಗೆ ಕೂತು ಬೇಕಾದ ದಿನವೇ ತಿರುಗುವುದಿಲ್ಲ. ತಿಂಗಳಿಗೊಮ್ಮೆ ಅಲಗು ಹಾಕಿ ತಿರುಗಿಸಿ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಬಿಡಿ, ಅದು ಧೂಳಿನ ಜೊತೆ ಕಲೆತು ಹಿಟ್ಟಾಗುತ್ತದೆ. ಗ್ರಾಫೈಟ್ ಪುಡಿ ಊದಿ. ಸಿಗದಿದ್ದರೆ ಪೆನ್ಸಿಲ್ ಸೀಸವನ್ನು ಚಾವಿಯ ಹಲ್ಲಿಗೆ ದಪ್ಪಗೆ ತಿಕ್ಕಿ ಐದಾರು ಸಲ ಒಳಹೊರಗೆ ಆಡಿಸಿ. ಹೊರಗಿಟ್ಟಿದ್ದ ಚಾವಿಯ ಗ್ರೀಸನ್ನು ಒರೆಸಿಯೇ ಬೀಗಕ್ಕೆ ಹಾಕಬೇಕಾದದ್ದೂ ಇದಕ್ಕೇ.

ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42–43 ಡಿಗ್ರಿ ಹೊಸತಲ್ಲ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ 60 ದಾಟುತ್ತದೆ. ಸಾಮಾನ್ಯ ಬಟನ್ ಸೆಲ್ಲಿಗೆ ಅಷ್ಟೇ ಗಡಿ. ಕಾಜಿನಿಂದ ದೂರ, ನೆಲದ ಹತ್ತಿರದ ಗೂಡು ತಂಪು.

ಸಂಗಮದಲ್ಲೋ ಗುಹೆಯಲ್ಲೋ ರಿಮೋಟ್ ಚಾವಿ ನೆನೆದರೆ ಗುಂಡಿ ಒತ್ತಿ ನೋಡುವ ಆತುರ ಬೇಡ. ಮೊದಲು ಸೆಲ್ ತೆಗೆಯಿರಿ. ಕೆಸರು ನೀರಾಗಿದ್ದರೆ ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ, ಬಟ್ಟೆಯಿಂದ ಒತ್ತಿ, ನೆರಳಿನಲ್ಲಿ ಒಂದೆರಡು ದಿನ ಆರಲು ಬಿಡಿ. ಅಕ್ಕಿಯಲ್ಲಿ ಹೂಳಿದರೆ ಅದರ ಹಿಟ್ಟು ಒಳಗೆ ಹೊಕ್ಕು ಅಂಟಾಗುತ್ತದೆ. ಆರಿದ ಮೇಲೆ ಹೊಸ ಸೆಲ್ ಹಾಕಿ. ಅಲ್ಲಿಯತನಕ ಓಡಾಟಕ್ಕೆ ಪೆಟ್ಟಿಗೆಯ ಚಾವಿ.

ರಾತ್ರಿ, ಗ್ಯಾರೇಜು

ರಾತ್ರಿ ಮಲಗುವಾಗ ಎಂಜಿನ್ ಚಾವಿ ಪ್ರತಿದಿನ ಒಂದೇ ಕೊಕ್ಕೆಗೆ ಇರಲಿ. ಹಾಸಿಗೆಯಿಂದ ಕೈಗೆ ಸಿಗಬೇಕು, ಕಿಟಕಿಯಿಂದ ಕೋಲು ಹಾಕಿದರೆ ಸಿಗಬಾರದು. ವಾಸದ ಬಾಗಿಲು ಒಳಗಿನಿಂದ ಚಾವಿಯಿಲ್ಲದೆ ತೆರೆಯಲೇಬೇಕು. ಕಳ್ಳರ ಭಯಕ್ಕೆ ಒಳಗೆ ಬೀಗ ಜಡಿದು ಚಾವಿಯನ್ನು ದಿಂಬಿನಡಿ ಇಟ್ಟವರು ಹೊಗೆ ತುಂಬಿದಾಗ ದಿಂಬನ್ನೇ ಹುಡುಕಲಾರರು. ಗ್ಯಾಸ್ ಗೂಡಿನ ಚಾವಿಯೂ ಬಾಗಿಲ ಪಕ್ಕದ ಕೊಕ್ಕೆಯಲ್ಲಿ.

ಗ್ಯಾರೇಜಿಗೆ ಬಿಡುವಾಗ ಎಂಜಿನ್ ಚಾವಿಯೊಂದನ್ನೇ ಬಿಡಿಸಿ ಕೊಡಿ, ಒಳಪೆಟ್ಟಿಗೆಯದನ್ನು ಮನೆಗೆ ಒಯ್ಯಿರಿ. ಲಿಫ್ಟಿನ ಮೇಲೆ ಏರಿಸುವ ಕೆಲಸವಿದ್ದರೆ ಹೊರಗಿನ ಟ್ಯೂಬನ್ನೂ ಬಿಚ್ಚಿ, ವಾಪಸು ಬಂದ ಮೇಲೆ ಬೇರೆ ಜಾಗದಲ್ಲಿ ಕಟ್ಟಿ. ಚಾವಿಗಳಿಗೆ ಕಟ್ಟುವ ಗುರುತಿನ ಬಿಲ್ಲೆಗಳ ಮೇಲೆ ಗಾಡಿ ನಂಬರು, ಫೋನ್ ನಂಬರು ಬರೆಯದೆ ಬಣ್ಣದಿಂದ ಗುರುತು ಮಾಡಿ.

ಒಂದು ಚಾವಿ ಕಳೆದಾಗ

ಎರಡನೆಯದರಿಂದ ಕೆಲಸ ನಡೆಯಿತೆಂದು ಸುಮ್ಮನಾಗಬೇಡಿ. ಪೊಲೀಸರಲ್ಲಿ ಕಳೆದ ವಸ್ತುವಿನ ದೂರು ದಾಖಲಿಸಿ ಪ್ರತಿ ಇಟ್ಟುಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ. ಮುಂದೆ ಗಾಡಿಯೇ ಕಳುವಾದರೆ ಕಂಪನಿಯವರು ಎರಡೂ ಮೂಲ ಚಾವಿ ಕೇಳುತ್ತಾರೆ. ಒಂದು ಇಲ್ಲವೆಂದರೆ, ಅಥವಾ ಇಗ್ನಿಷನ್ನಿನಲ್ಲೇ ಬಿಟ್ಟಿದ್ದಿರಿ ಎಂದಾದರೆ, ಅಜಾಗರೂಕತೆಯ ನೆಪದಲ್ಲಿ ಕ್ಲೇಮ್ ತಕರಾರಿಗೆ ಬೀಳುತ್ತದೆ. ಚಾವಿ ಬದಲಾವಣೆಯ ಖರ್ಚು ಕೊಡುವ ಹೆಚ್ಚುವರಿ ರಕ್ಷಣೆ ನಿಮ್ಮ ಪಾಲಿಸಿಯಲ್ಲಿ ಇದೆಯೇ ನೋಡಿ.

ಆಮೇಲೆ ಉಳಿದ ಚಾವಿಗಳನ್ನೆಲ್ಲ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ, ಕಳೆದ ಚಿಪ್ಪನ್ನು ಗಾಡಿಯ ನೆನಪಿನಿಂದ ಅಳಿಸಲು ಹೇಳಿ. ಇದ್ದ ಚಾವಿಗಳನ್ನು ಹೊಸದಾಗಿ ದಾಖಲಿಸಬೇಕಾಗುವುದರಿಂದ ಒಂದನ್ನು ಮನೆಯಲ್ಲಿ ಬಿಟ್ಟು ಹೋದರೆ ಅದೂ ಕೆಲಸ ಮಾಡದೆ ಹೋದೀತು. ಅಳಿಸಿದ ಮೇಲೂ ಕಳೆದ ಚಾವಿಯ ಅಲಗು ಬಾಗಿಲನ್ನಂತೂ ತೆರೆಯುತ್ತದೆ. ಅದು ಹೊಲದಲ್ಲಿ ಬಿದ್ದಿದ್ದರೆ ಹೋಗಲಿ. ಗಾಡಿ ನಿಲ್ಲುವ ಓಣಿಯಲ್ಲೇ ಕಳೆದಿದ್ದರೆ ಬಾಗಿಲಿನ ಬೀಗವನ್ನೂ ಅದೇ ಗೊಂಚಲಿನಲ್ಲಿದ್ದ ಗೂಡುಗಳ ಬೀಗಗಳನ್ನೂ ಬದಲಿಸಿ.