ಚೀಲದೊಳಗಿನ ಇಂಜಿನ್: ನನ್ನ ಸೈಕಲ್‌ಗೆ ಮೋಟಾರು ಕೂರಿಸಿದ ಅನುಭವ

ಸೈಕಲ್‌ಗೆ ಇಂಜಿನ್ ಬೇಕು, ಆದರೆ ನೋಡಿದವರಿಗೆ ಅದು ಸೈಕಲ್ ಥರಾನೇ ಕಾಣಬೇಕು. ನನಗಿದ್ದ ಹಟ ಇಷ್ಟೇ. ಫ್ರೇಮಿನ ನಡುವೆ ಇಂಜಿನ್, ಮೇಲೆ ಟ್ಯಾಂಕು ಕೂರಿಸುವ ಕಿಟ್‌ಗಳು ನನಗೆ ಹಿಡಿಸಲಿಲ್ಲ. ಕಾಲು ಅಗಲಿಸಿಕೊಂಡು ಪೆಡಲ್ ತುಳಿಯಬೇಕು. ನಿಂತ ಕಡೆಯಲ್ಲೆಲ್ಲ ಜನ ಸುತ್ತ ಸೇರಿ ಮೈಲೇಜ್ ಕೇಳುತ್ತಾರೆ. ಅದರ ಬದಲು ಕ್ಯಾರಿಯರ್‌ಗೆ ತೂಗುಹಾಕಿದ ಚೀಲದೊಳಗೆ ಇಂಜಿನ್ ಇಟ್ಟರೆ?

ಇದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. 1950ರಲ್ಲಿ ಬ್ರಿಟನ್‌ನಲ್ಲಿ ಬಂದ ಸೈಕಲ್‌ಮಾಸ್ಟರ್ ಇಂಜಿನ್ನನ್ನು ಹಿಂದಿನ ಚಕ್ರದ ಒಳಗೇ ಅಡಗಿಸಿತ್ತು. ಹಳೇ ಚಕ್ರ ಬಿಚ್ಚಿ ಇದನ್ನು ಹಾಕಿದರೆ ಮುಗಿಯಿತು. 1952ರ ಹೋಂಡಾ ಕಬ್ ಎಫ್ ಕೂಡ ಹಿಂದಿನ ಚಕ್ರದ ಪಕ್ಕಕ್ಕೇ ಇಂಜಿನ್ ಕೂರಿಸಿತ್ತು. ಆದರೆ ಅದಕ್ಕೆ ಅಡಗುವ ಆಸೆ ಇರಲಿಲ್ಲ. ಬಿಳಿ ಟ್ಯಾಂಕು, ಕೆಂಪು ಇಂಜಿನ್, ದೂರದಿಂದಲೇ ಕಾಣುತ್ತಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟಿದ್ದು ಜನರ ಕುತೂಹಲಕ್ಕೆ, ಕಾನೂನಿಗಲ್ಲ. ಇಂಜಿನ್ ಕೂತ ಮೇಲೆ ಅದು ಬಹಳ ಕಡೆ ಮೋಟಾರು ವಾಹನ. ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬರುತ್ತದೆ. ನಿಮ್ಮಲ್ಲಿ ಏನು ನಿಯಮ ಅಂತ ಸ್ಪ್ಯಾನರ್ ಹಿಡಿಯುವ ಮೊದಲೇ ವಿಚಾರಿಸಿಕೊಳ್ಳಿ.

ಇಂಜಿನ್ ಆಗಿ ನಾನು ತೆಗೆದುಕೊಂಡಿದ್ದು ಹುಲ್ಲು ಕೊಯ್ಯುವ ಬ್ರಷ್ ಕಟರ್‌ನದ್ದು, ಹೋಂಡಾ ಜಿಎಕ್ಸ್ 35. 35.8 ಸಿಸಿ, ನಾಲ್ಕು ಸ್ಟ್ರೋಕ್, ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಎರಡು ಸ್ಟ್ರೋಕ್ ಇಂಜಿನ್ ಇನ್ನೂ ಹಗುರ, ನಿಜ. ಆದರೆ ಅದರ ಹೊಗೆ ಮತ್ತು ಕಿರುಚಾಟಕ್ಕೆ ಯಾವ ಚೀಲವೂ ಸಾಲದು. ಇದರಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೂ ಇಲ್ಲ.

ಚಕ್ರಕ್ಕೆ ಶಕ್ತಿ ಕೊಡೋಕೆ ರೋಲರ್ ಆರಿಸಿದೆ. ಇಂಜಿನ್ ತಿರುಗಿಸುವ ಒಂದು ಉಕ್ಕಿನ ರೋಲರ್ ಟೈರಿನ ಮೇಲೆ ಒತ್ತಿಕೊಂಡು ಉರುಳುತ್ತದೆ, ಅಷ್ಟೇ. ಚೈನು, ಹೆಚ್ಚಿನ ಹಲ್ಲುಚಕ್ರ ಏನೂ ಬೇಡ. ಲಿವರ್ ಎತ್ತಿದರೆ ರೋಲರ್ ಟೈರು ಬಿಡುತ್ತದೆ, ಸೈಕಲ್ ಮತ್ತೆ ಬರೀ ಸೈಕಲ್.

ಇಲ್ಲಿ ಒಂದು ಮಜಾ ಇದೆ. ರೋಲರ್ ಇದ್ದಾಗ ಚಕ್ರ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ರೋಲರ್ ಒಂದು ಸುತ್ತು ಸುತ್ತಿದರೆ ಅದರ ಸುತ್ತಳತೆಯಷ್ಟು ದೂರ ಸೈಕಲ್ ಮುಂದೆ ಹೋಗುತ್ತದೆ. 25 ಮಿಲಿಮೀಟರ್ ವ್ಯಾಸದ ರೋಲರ್‌ನ ಸುತ್ತಳತೆ 78.5 ಮಿಲಿಮೀಟರ್. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಗಂಟೆಗೆ 28 ಕಿಲೋಮೀಟರ್. ಅದೇ 32 ಮಿಲಿಮೀಟರ್ ಆದರೆ 36. ನಾನು ಮೊದಲು 32 ಮಾಡಿಸಿದೆ. ಸುತ್ತು ಕಡಿಮೆ ಇದ್ದರೆ ಸದ್ದೂ ಕಡಿಮೆ ಅನ್ನುವ ಆಸೆ. ಆದರೆ ಈ ಇಂಜಿನ್ನಿನ ಕ್ಲಚ್ (ಸುತ್ತು ಏರಿದಾಗ ತಾನಾಗೇ ಇಂಜಿನ್ನನ್ನು ರೋಲರ್‌ಗೆ ಜೋಡಿಸುವ ಭಾಗ) ಹಿಡಿಯೋದೇ 4000 ಸುತ್ತಿನ ಆಸುಪಾಸಿನಲ್ಲಿ. ಅಂದರೆ 24 ಕಿಲೋಮೀಟರ್ ವೇಗ ಬರುವವರೆಗೆ ಕ್ಲಚ್ ಜಾರುತ್ತಲೇ ಇರುತ್ತದೆ. ಏರಿನಲ್ಲಿ ಹತ್ತೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಕೊನೆಗೆ 28 ಮಿಲಿಮೀಟರ್ ರೋಲರ್‌ಗೆ ಇಳಿದೆ. ಈಗ 21 ಕಿಲೋಮೀಟರ್ ವೇಗದ ಹತ್ತಿರ ಕ್ಲಚ್ ಗಟ್ಟಿ ಹಿಡಿಯುತ್ತದೆ, ಅಲ್ಲಿವರೆಗೆ ನಾನೇ ತುಳಿಯುತ್ತೇನೆ. ತುಳಿಯುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ?

ರೋಲರ್ ಮೇಲೆ ಲೇತ್‌ನಲ್ಲಿ ಒರಟು ಗೆರೆ ಹಾಕಿಸಿದ್ದು ಎರಡನೇ ತಪ್ಪು. ಹಿಡಿತವೇನೋ ಚೆನ್ನಾಗಿತ್ತು. ಆದರೆ ಅರ ಹಾಕಿ ಉಜ್ಜಿದ ಹಾಗೆ ಟೈರಿನ ಪುಡಿ ಉದುರಿ ಮಡ್‌ಗಾರ್ಡ್ ಒಳಗೆಲ್ಲ ಕಪ್ಪು. ಆಮೇಲೆ ಗೆರೆಗಳ ಚೂಪು ಸವರಿ ಹಾಕಿದೆ. ನಡುವೆ ಏಣು ಇರುವ, ಗುಬುಟಿಲ್ಲದ ಟೈರು ಹಾಕಿದೆ, ಗಾಳಿ ಯಾವಾಗಲೂ ಬಿಗಿಯಾಗಿ ಇಡುತ್ತೇನೆ.

ಮೊದಲನೇ ತಪ್ಪು ಹೇಳೋಕೆ ಸ್ವಲ್ಪ ನಾಚಿಕೆ. ಇಂಜಿನ್ನನ್ನು ಬಲಗಡೆ ಕೂರಿಸಿಬಿಟ್ಟಿದ್ದೆ. ಚೈನ್ ಇರುವ ಕಡೆಗೇ ಎಲ್ಲ ಇರಲಿ ಅಂತ. ಸ್ಟ್ಯಾಂಡ್ ಹಾಕಿ, ಹಗ್ಗ ಎಳೆದು, ಆಕ್ಸಿಲರೇಟರ್ ಒತ್ತಿದೆ. ಚಕ್ರ ತಿರುಗಿತು, ಹಿಂದಕ್ಕೆ! ಚಕ್ರ ಹಿಂದಕ್ಕೆ ತಿರುಗಿದರೆ ಫ್ರೀವೀಲ್ ಕಚ್ಚಿಕೊಂಡು ಪೆಡಲ್ಲೂ ಜೊತೆಗೆ ಹಿಂದಕ್ಕೆ ಗಿರ್ರನೆ ತಿರುಗುತ್ತದೆ. ಪಕ್ಕದಲ್ಲೇ ನಿಂತಿದ್ದ ನನ್ನ ಮೊಣಕಾಲಿನ ಕೆಳಗಿನ ಮೂಳೆಗೆ ಬಿತ್ತು ಒಂದು. ಎರಡು ವಾರ ಕುಂಟಿದೆ. ಟೈರು ಮುಂದಕ್ಕೆ ಹೋಗಬೇಕಾದರೆ ಅದರ ಮೇಲಿನ ರೋಲರ್ ಉಲ್ಟಾ ತಿರುಗಬೇಕು. ಹಾಗಾಗಿ ಈ ಇಂಜಿನ್ ಎಡಗಡೆ ಇರಬೇಕು, ಶಾಫ್ಟ್ ಬಲಕ್ಕೆ ಮುಖ ಮಾಡಿರಬೇಕು. ಕಾಗದದ ಮೇಲೆ ಎರಡು ಬಾಣ ಬರೆದಿದ್ದರೆ ಗೊತ್ತಾಗುತ್ತಿತ್ತು.

ಇನ್ನು ಚೀಲ. ಕ್ಯಾನ್ವಾಸಿನ ದೊಡ್ಡ ಜೋಡಿ ಚೀಲ ತಂದು, ಎಡಗಡೆಯದರ ಒಳಮೈ ಕತ್ತರಿಸಿ ಇಂಜಿನ್ ಮೇಲೆ ಇಳಿಬಿಟ್ಟೆ. ನೋಡೋಕೆ ಸೊಗಸಾಗಿತ್ತು. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಇಂಜಿನ್ ಸೊರಗತೊಡಗಿತು. ನಿಲ್ಲಿಸಿ ಚೀಲ ಬಿಚ್ಚಿದರೆ, ಒಳಗಿನ ನೈಲಾನ್ ಅಸ್ತರು ಸೈಲೆನ್ಸರ್‌ಗೆ ಮೇಣದ ಹಾಗೆ ಅಂಟಿಕೊಂಡಿತ್ತು. ಕೆಳಗೇ ಪೆಟ್ರೋಲ್ ಟ್ಯಾಂಕ್ ಇದೆ. ಇನ್ನೈದು ನಿಮಿಷ ಓಡಿಸಿದ್ದರೆ ಅಂತ ಈಗಲೂ ಆಗಾಗ ಯೋಚಿಸುತ್ತೇನೆ.

ಇದು ಗಾಳಿಯಿಂದ ತಣಿಯುವ ಇಂಜಿನ್. ಅದರ ಫ್ಯಾನ್ ಹೊರಗಿನ ಗಾಳಿ ಎಳೆದು ಸಿಲಿಂಡರ್ ಮೇಲೆ ಊದುತ್ತದೆ. ಆ ಗಾಳಿಯ ದಾರಿ ಮುಚ್ಚಿದರೆ ಕತೆ ಮುಗಿಯಿತು. ಹಾಗಾಗಿ ಚೀಲದ ಹೊರಮೈಗೆ ಅಂಗೈ ಅಗಲದ ಕಪ್ಪು ಜಾಲರಿ ಹೊಲಿಸಿದೆ, ದೂರದಿಂದ ಅದು ನೀರಿನ ಬಾಟಲಿ ಇಡುವ ಜೇಬಿನ ಥರ ಕಾಣುತ್ತದೆ. ತಳ ಮತ್ತು ಹಿಂಬದಿ ಪೂರ್ತಿ ತೆಗೆದುಬಿಟ್ಟೆ. ಅಸ್ತರು ಕಿತ್ತು, ಬಟ್ಟೆ ಮುಟ್ಟದಂತೆ ತಂತಿಯ ಚೌಕಟ್ಟು ಮಾಡಿದೆ. ಸೈಲೆನ್ಸರ್ ಮತ್ತು ಬಟ್ಟೆಯ ನಡುವೆ ಅಲ್ಯೂಮಿನಿಯಂ ತಗಡು, ಅದರ ಎರಡೂ ಕಡೆ ಬೆರಳು ಹೋಗುವಷ್ಟು ಜಾಗ. ಈಗ ಅದು ಚೀಲ ಅಲ್ಲ, ಒಂದು ಪರದೆ ಅಷ್ಟೇ. ಪೆಟ್ರೋಲ್ ಹಾಕೋದು ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪರದೆ ಬಿಚ್ಚಿಯೇ. ಬಲಗಡೆ ಚೀಲದಲ್ಲಿ ಪಾನಾ, ಪಂಪು, ಬೀಗದ ಸರಪಳಿ ಇಟ್ಟು ತೂಕ ಸರಿದೂಗಿಸಿದ್ದೇನೆ.

ಹ್ಯಾಂಡಲ್‌ಗೆ ಹೆಬ್ಬೆರಳಿನ ಸಣ್ಣ ಲಿವರ್ ಹಾಕಿ, ಅದರ ಕೇಬಲ್ಲನ್ನು ಬ್ರೇಕ್ ಕೇಬಲ್ ಜೊತೆಗೇ ಒಯ್ದಿದ್ದೇನೆ. ಇಂಜಿನ್ ನಿಲ್ಲಿಸುವ ಸ್ವಿಚ್ ಮಾತ್ರ ಅಡಗಿಸಿಲ್ಲ. ಅದು ಕೈಗೆ ತಕ್ಷಣ ಸಿಗಬೇಕು. ಬ್ರೇಕ್ ರಬ್ಬರ್‌ಗಳನ್ನೂ ಹೊಸದಾಗಿ ಹಾಕಿದೆ.

ಇಷ್ಟೆಲ್ಲ ಆದ ಮೇಲೂ ಸದ್ದು ಉಳಿದೇ ಉಳಿಯಿತು. ಸೈಲೆನ್ಸರ್‌ಗೆ ಇನ್ನೊಂದು ಡಬ್ಬ ಸೇರಿಸುವ ಯೋಚನೆ ಇತ್ತು, ಆದರೆ ಹೊಗೆಯ ದಾರಿ ಕಟ್ಟಿದರೆ ಇಂಜಿನ್ ಇನ್ನೂ ಬಿಸಿಯಾಗುತ್ತದೆ ಅಂತ ಬಿಟ್ಟೆ. ಹುಡುಕುತ್ತಾ ಹೋದರೆ ಅರ್ಧ ಗಲಾಟೆ ಇಂಜಿನ್ನಿನದ್ದೇ ಅಲ್ಲ. ತಗಡಿನ ಮಡ್‌ಗಾರ್ಡ್ ತಮಟೆ ಥರ ಬಡಿದುಕೊಳ್ಳುತ್ತಿತ್ತು. ಕ್ಯಾರಿಯರ್ ಕಾಲುಗಳು ಫ್ರೇಮಿಗೆ ಸೇರುವ ಜಾಗದಲ್ಲಿ ರಬ್ಬರ್ ತುಂಡು ಕೊಟ್ಟೆ. ಇಂಜಿನ್ ಮತ್ತು ರೋಲರ್ ನಡುವೆ ಮಾತ್ರ ರಬ್ಬರ್ ಕೊಡಬೇಡಿ, ರೋಲರ್ ಓರೆಯಾಗಿ ಟೈರನ್ನು ಒಂದೇ ಕಡೆ ತಿನ್ನುತ್ತದೆ. ಮಡ್‌ಗಾರ್ಡ್ ಬದಲಿಸಿ ಪ್ಲಾಸ್ಟಿಕ್‌ನದ್ದು ಹಾಕಿದೆ. ಆ ಎರಡರಿಂದ ಆದ ಬದಲಾವಣೆ ದೊಡ್ಡದು.

ಮಳೆ ಬಂದರೆ ರೋಲರ್ ಜಾರುತ್ತದೆ. ಅದಕ್ಕೆ ಮದ್ದಿಲ್ಲ. ಲಿವರ್ ಎತ್ತಿ ತುಳಿಯುತ್ತಾ ಮನೆಗೆ ಬರುತ್ತೇನೆ.

ಈಗ ನನ್ನ ಸೈಕಲ್ ಹಾದುಹೋದರೆ ಜನ ತಲೆ ಎತ್ತಿ ನೋಡುತ್ತಾರೆ, ಆದರೆ ನನ್ನನ್ನಲ್ಲ. ಮೊನ್ನೆ ಬೇಲಿ ಪಕ್ಕ ನಿಂತಿದ್ದ ಹಿರಿಯರೊಬ್ಬರು ಸುತ್ತ ಕಣ್ಣಾಡಿಸಿ ಕೇಳಿದರು, "ಎಲ್ಲೋ ಹುಲ್ಲು ಕೊಯ್ತಾ ಇದಾರಲ್ಲಪ್ಪಾ, ಕಾಣ್ತಾನೇ ಇಲ್ಲ?"

"ಹೌದಲ್ಲ" ಅಂದು ಪೆಡಲ್ ತುಳಿದೆ.