ನೋವಿಲ್ಲದ ಬೆನ್ನನ್ನು ನಾನು ಅಳೆಯುವ ಬಗೆ

ಫಿಸಿಯೋಥೆರಪಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸವೆಂದರೆ ಕಾಲೇಜು ವಿದ್ಯಾರ್ಥಿಗಳ ಬೆನ್ನಿನ ತಪಾಸಣೆ. ಆರೋಗ್ಯವಂತ ಬೆನ್ನು ಹೇಗಿರುತ್ತದೆ ಎಂಬುದು ಕಣ್ಣಿಗೆ ಪಳಗದಿದ್ದರೆ ಕಾಯಿಲೆಯ ಬೆನ್ನು ಗುರುತು ಸಿಗುವುದಿಲ್ಲ.

'ನೆಟ್ಟಗೆ ನಿಲ್ಲು' ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದೊಡನೆ ಎದೆ ಸೆಟೆಸಿ, ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಅದು ಅವರ ನಿಜವಾದ ನಿಲುವಲ್ಲ. ಬರಿಗಾಲಿನಲ್ಲಿ ನಿಂತಲ್ಲೇ ನಾಲ್ಕು ಹೆಜ್ಜೆ ಹಾಕಿಸಿ, ನಿಂತಂತೆಯೇ ನೋಡುತ್ತೇನೆ. ಪಕ್ಕದಿಂದ ನೋಡಲು ಚಾವಣಿಯಿಂದ ತೂಗುಗುಂಡಿನ ದಾರ ಇಳಿಬಿಟ್ಟಿರುತ್ತೇನೆ. ದಾರ ಹೊರ ಹರಡಿನ ಮೂಳೆಯ ತುಸು ಮುಂದೆ ಇಳಿಯುವಂತೆ ನಿಲ್ಲಿಸಿದರೆ ಕಿವಿಯ ಹಾಲೆ, ಭುಜ, ತೊಡೆಮೂಳೆಯ ಉಬ್ಬು ಎಲ್ಲವೂ ಅದೇ ಗೆರೆಗೆ ಬರಬೇಕು ಎನ್ನುತ್ತದೆ ಪಠ್ಯ. ಕರಾರುವಾಕ್ಕಾಗಿ ಹಾಗೆ ನಿಲ್ಲುವವರು ತೀರ ವಿರಳ.

ಹಿಂದಿನಿಂದ ನೋಡುವಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಏಳನೆಯ ಮೂಳೆಗೂ ಸೊಂಟದ ಎರಡು ಕುಳಿಗಳಿಗೂ ಗುರುತು ಹಾಕುತ್ತೇನೆ. ಭುಜಗಳ ಎತ್ತರ, ಹೆಗಲೆಲುಬುಗಳ ತುದಿ, ತೋಳಿಗೂ ಸೊಂಟಕ್ಕೂ ನಡುವಿನ ಸಂದು, ಇವುಗಳನ್ನು ಎಡಬಲ ಹೋಲಿಸುತ್ತೇನೆ. ಬಲಗೈಯವರ ಬಲ ಭುಜ ಕೊಂಚ ತಗ್ಗಿರುವುದು ಸಾಮಾನ್ಯ. ಎರಡು ಕಾಲುಗಳ ಉದ್ದದಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಬಹುತೇಕ ಎಲ್ಲರಲ್ಲೂ ಇರುತ್ತದೆ. ಹೃದಯ ಎಡಕ್ಕೆ, ಯಕೃತ್ತು ಬಲಕ್ಕೆ ಇರುವ ದೇಹದ ಎರಡು ಪಕ್ಕಗಳು ಕನ್ನಡಿಯ ಬಿಂಬದಂತೆ ಹೊಂದಬೇಕೆಂದು ಹಟ ಹಿಡಿಯುವುದೇಕೆ?

ಜಿಮ್‌ನಲ್ಲಿ ತೆಗೆದ ಫೋಟೊ ತೋರಿಸಿ, 'ನನ್ನ ಬೆನ್ನು ಸೊಟ್ಟಗಿದೆಯಂತೆ' ಎಂದು ಕಣ್ಣೀರಿಟ್ಟ ಹುಡುಗಿಯರನ್ನು ಕಂಡಿದ್ದೇನೆ. ಆರೋಗ್ಯವಂತರನ್ನು ಹೀಗೆ ಹೆದರಿಸಿ ಬೆಲ್ಟ್ ಮಾರುವವರ ಮೇಲೆ ನನಗೆ ಸಿಟ್ಟಿದೆ. ನೋವಿಲ್ಲದೆ ಆಡುವ, ಓಡುವ ಮಕ್ಕಳಿಗೆ ನಾನು ಯಾವ ಬೆಲ್ಟನ್ನೂ ಕೊಡುವುದಿಲ್ಲ; ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರಬೇಡಿ ಎನ್ನುತ್ತೇನೆ, ಅಷ್ಟೆ.

ಆದರೆ ಒಂದು ಪರೀಕ್ಷೆಯನ್ನು ಎಂದೂ ಬಿಡುವುದಿಲ್ಲ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಮುಂಬಾಗುವ ಪರೀಕ್ಷೆ ಅದು. ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈ ಕೂಡಿಸಿ ಬಾಗಬೇಕು. ಆಗ ಬೆನ್ನಿನ ಒಂದು ಪಕ್ಕದ ಪಕ್ಕೆಲುಬುಗಳು ಉಬ್ಬಿ ನಿಂತರೆ ಬೆನ್ನುಮೂಳೆ ತಿರುಚಿಕೊಂಡಿರಬಹುದು. ಬೆನ್ನಿನ ಎರಡು ಪಕ್ಕಗಳ ಏರುಪೇರನ್ನು ಡಿಗ್ರಿಗಳಲ್ಲಿ ತೋರಿಸುವ ಸ್ಕೋಲಿಯೋಮೀಟರ್ ಎಂಬ ಉಪಕರಣವನ್ನು ಬೆನ್ನಿನ ಮೇಲೆ ಇಟ್ಟು ಓದುತ್ತೇನೆ. 5ರಿಂದ 7 ಡಿಗ್ರಿ ಅಥವಾ ಹೆಚ್ಚಿದ್ದರೆ ಮೂಳೆತಜ್ಞರ ಬಳಿಗೆ ಕಳುಹಿಸುತ್ತೇನೆ. ಎಕ್ಸ್‌ರೇಯಲ್ಲಿ ಕಾಬ್ ಕೋನ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದರ ಅಳತೆ, ಕನಿಷ್ಠ 10 ಡಿಗ್ರಿ ಇದ್ದರೆ ಮಾತ್ರ ಆ ಬಾಗನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ರಾತ್ರಿ ನಿದ್ದೆಗೆಡಿಸುವ ನೋವು, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಇದ್ದರಂತೂ ಅಳತೆ ಏನೇ ಹೇಳಲಿ, ಅದೇ ದಿನ ಚೀಟಿ ಬರೆದುಕೊಡುತ್ತೇನೆ.